ಹದಿನೇಳನೆಯ ಕಪಾಟು

ಲೈಬ್ರರಿ ತೆರೆಯುವುದು ಎಂಟಕ್ಕೆ.
ಗುಡಿಸಲು ನಾನು ಬರುವುದು ಏಳಕ್ಕೆ.
ಅದಕ್ಕೂ ಮೊದಲೇ ಮೆಟ್ಟಿಲ ಮೇಲೆ ಅವಳು,
ಕೇತಕಿ ಘಾಡಿ, ಎರಡನೇ ವರ್ಷ, ಕೆಮಿಸ್ಟ್ರಿ.
ತಲೆ ಒದ್ದೆ.
“ಲೋಕಲ್ಲಿನ ಗಾಳಿಗೆ ಒಣಗುತ್ತದೆ ಅಂದುಕೊಂಡಿದ್ದೆ ಮಾವ್ಶಿ.”

ಮೊದಮೊದಲು ನಾನೇನೂ ಕೇಳಲಿಲ್ಲ.
ಮೂವತ್ತೊಂದು ವರ್ಷ ಪುಸ್ತಕದ ಧೂಳು ಹೊಡೆದವಳು,
ಯಾರೋ ಮಡಚಿಟ್ಟ ಪುಟವನ್ನು ಬಿಚ್ಚಬಾರದೆಂದು ಬಲ್ಲೆ.
ಆದರೆ ಓದುವ ಮಕ್ಕಳ ಚೀಲಕ್ಕೆ
ಅಷ್ಟು ದೊಡ್ಡ ಹೊಟ್ಟೆ ಇರುವುದಿಲ್ಲ.
ಚಪ್ಪಲಿ, ಟವೆಲು, ಬ್ರಷ್ಷು, ಅರ್ಧ ಪೊಟ್ಟಣ ಬಿಸ್ಕತ್ತು,
ಮತ್ತೆ ಇಸ್ತ್ರಿ ಹಾಕಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ
ಲ್ಯಾಬಿನ ಬಿಳಿ ಕೋಟು.
ಅದೊಂದು ಸುಕ್ಕುಗಟ್ಟಿರಲಿಲ್ಲ.

ಕರೀ ರೋಡಿನ ಅವರ ಚಾಳು ಒಡೆದು ನಾಲ್ಕು ವರ್ಷ.
ಮೂವತ್ತಾರು ತಿಂಗಳಲ್ಲಿ ಹೊಸ ಮನೆ, ಅಲ್ಲಿಯವರೆಗೆ ಬಾಡಿಗೆ
ಎಂದಿದ್ದ ಬಿಲ್ಡರು.
ಹದಿನಾಲ್ಕು ಚೆಕ್ಕು ಬಂದವು.
ಹದಿನೈದನೆಯದನ್ನು ಕೇಳಲು ಹೋದರೆ
ಅವನ ಆಫೀಸಿನಲ್ಲಿ ಬ್ಯೂಟಿ ಪಾರ್ಲರು.
ಈಗ ಚಾಳಿನ ಜಾಗದಲ್ಲಿ ಗುಂಡಿ, ಗುಂಡಿಯಲ್ಲಿ ನೀರು,
“ನಮ್ಮ ಅಡುಗೆಮನೆ ಇದ್ದಲ್ಲಿ
ಒಂದು ಬೆಳ್ಳಕ್ಕಿ ಮೀನು ಹಿಡೀತದೆ ಮಾವ್ಶಿ”
ಎಂದು ನಕ್ಕಳು. ನಗು ನನಗೆ ಬರಲಿಲ್ಲ.

ಅಪ್ಪ ಭಿವಂಡಿಯ ಗೋದಾಮಿನಲ್ಲೇ ಮಲಗುತ್ತಾನೆ.
ಅಮ್ಮ, ತಮ್ಮ ಚಿಪ್ಳೂಣಿಗೆ.
ಇವಳಿಗೆ ಸೋಮವಾರ ಕಳ್ವಾದ ಚಿಕ್ಕಮ್ಮ,
ಗುರುವಾರ ವಿಕ್ರೋಲಿಯ ಗೆಳತಿ,
ಅದೂ ಗೆಳತಿಯ ಅಣ್ಣನಿಗೆ ರಾತ್ರಿಪಾಳಿ ಇದ್ದರೆ.
ಉಳಿದ ದಿನಗಳ ಮಾತು ಅವಳು ಎತ್ತಲಿಲ್ಲ.
ಒಮ್ಮೆ ಅವಳು ಹಿಂದಿರುಗಿಸಿದ ಪುಸ್ತಕದಿಂದ
ರತ್ನಾಗಿರಿಯ ಟಿಕೇಟು ಬಿತ್ತು, ಹೋಗದ ಊರಿನದು.
ವೇಟಿಂಗ್ ರೂಮಿನಲ್ಲಿ ಬೆಳಗು ಮಾಡಲು ಟಿಕೇಟು ಬೇಕಲ್ಲ.
ಇಂಗಾಲದ ಬಂಧಗಳ ಪಾಠಕ್ಕೆ ಗುರುತಾಗಿ ಇಟ್ಟಿದ್ದಳು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಿದ್ದರು ನಮ್ಮೂರಲ್ಲಿ.
ಹಾಸಿಗೆಯೇ ಇಲ್ಲದವರ ಕಾಲಿಗೆ
ಯಾವ ಗಾದೆ?

ಹಾಸ್ಟೆಲಿಗೆ ಅರ್ಜಿ ಹಾಕಿಸಿದೆ.
ಪರವೂರಿನವರಿಗೆ ಮಾತ್ರ ಎಂದ ಗುಮಾಸ್ತ ಸಾಠೆ.
ರೇಷನ್ ಕಾರ್ಡಿನಲ್ಲಿ ಇನ್ನೂ ಕರೀ ರೋಡು,
ಎರಡನೇ ಮಹಡಿ, ಖೋಲಿ ಇಪ್ಪತ್ತಾರು.
“ಮನೆ ಉಂಟಲ್ಲ, ಬರೆದೇ ಇದೆ, ನೋಡು.”
ಬೆರಳಿಟ್ಟು ತೋರಿಸಿದ. ಕೆಟ್ಟವನೇನಲ್ಲ ಅವನು.

ನನ್ನ ಮನೆಗೆ ಬಾ ಅನ್ನಬಹುದಿತ್ತು.
ಡೊಂಬಿವಲಿಯ ಹತ್ತಡಿ ಖೋಲಿ, ಐದು ಜನ,
ಸೊಸೆ ಬಸುರಿ.
ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.
ಇದನ್ನು ಬರೆಯದೆ ಬಿಟ್ಟರೆ
ಮುಂದಿನದೆಲ್ಲ ಸುಳ್ಳಾದೀತು.

ನನ್ನ ಹತ್ತಿರ ಇದ್ದದ್ದು ಬೀಗದ ಕೈಗಳ ಗೊಂಚಲು.
ಹದಿನೇಳನೇ ಕಪಾಟಿನಲ್ಲಿ ಬ್ರಿಟಿಷರ ಕಾಲದ ಗೆಜೆಟಿಯರು,
ಯಾರೂ ಕೇಳದವು.
ಕೆಳಗಿನ ಎರಡು ಖಾನೆ ಖಾಲಿ ಮಾಡಿ
ಸಂಪುಟಗಳನ್ನು ನನ್ನ ಸ್ಟೂಲಿನ ಪಕ್ಕ ಪೇರಿಸಿ
ಒಂದು ಕೀಲಿ ಗೊಂಚಲಿನಿಂದ ಕಳಚಿ ಕೊಟ್ಟೆ.
ಅವಳ ಬೆನ್ನು ಆ ದಿನ ನೆಟ್ಟಗಿತ್ತು.

ಪರೇರಾ ಮೇಡಂ ನೋಡಿದರು. ಕನ್ನಡಕ ಒರೆಸಿಕೊಂಡರು.
ಮಾರನೇ ದಿನ ಆ ಖಾನೆಯಲ್ಲಿ
ಒಂದು ಸಾಬೂನು, ನಾಲ್ಕು ನುಸಿಗುಳಿಗೆ,
ಮಹಿಳಾ ಹಾಸ್ಟೆಲೊಂದರ ಫೋನ್ ನಂಬರು,
ಅವರ ದುಂಡು ಅಕ್ಷರದಲ್ಲಿ.
ಅಲ್ಲೀಗ ಕಾಯುವವರ ಪಟ್ಟಿಯಲ್ಲಿ ಕೇತಕಿ ಮೂವತ್ತೆಂಟನೆಯವಳು.

ದೀಪಾವಳಿ ರಜೆ ಮುಗಿದ ಮೇಲೆ ಕಪಾಟು ತೆರೆದರೆ
ಗಂಡುಮಕ್ಕಳ ಬೂಟು. ಯಾರದೋ ಸ್ಟೀಲ್ ಡಬ್ಬಿ.
ಒಂದು ಇನ್ಹೇಲರ್.
ಸಿಟ್ಟು ಬಂತು, ಸುಳ್ಳೇಕೆ ಹೇಳಲಿ.
“ತಬ್ರೇಜ್ ಅಂತ, ಬಿಕಾಂ. ಒಂದೇ ಜೊತೆ ಮಾವ್ಶಿ,
ಹೆಚ್ಚು ಜಾಗ ಹಿಡಿಯಲ್ಲ.
ಡಬ್ಬಿಯವಳ ಹೆಸರು ನನಗೂ ಗೊತ್ತಿಲ್ಲ,
ಅವಳು ಇನ್ನೂ ಹೇಳಿಲ್ಲ.”

ಮೂರನೇ ಖಾನೆಯನ್ನೂ ಖಾಲಿ ಮಾಡಿದೆ.

ನಾಳೆ ತಪಾಸಣೆಯ ಸಮಿತಿ ಬರುತ್ತದಂತೆ,
ಕಪಾಟುವಾರು ಪಟ್ಟಿ ಬೇಕಂತೆ.
ರಿಜಿಸ್ಟರಿನಲ್ಲಿ ನಾನು ಬರೆಯುತ್ತ ಹೋದೆ,
ಪರೇರಾ ಮೇಡಂ ಓದದೆಯೇ ಸಹಿ ಹಾಕುತ್ತ ಬಂದರು,
ಇಲ್ಲ, ಈ ಒಂದು ಸಾಲನ್ನು ಓದಿ ಹಾಕಿದರು:

ಹದಿನೇಳು. ಗೆಜೆಟಿಯರು.
ಬಳಕೆಯಲ್ಲಿವೆ.